ಮಂಜಪ್ಪಗೌಡರ ತಾಯಿಹಂದಿ

ಹಂದಿ ಯಾಕೆ ತಿನ್ನುತ್ತದೆ, ಯಾಕೆ ತಿನ್ನುವುದಿಲ್ಲ ಎಂದು ತಿಳಿದುಕೊಳ್ಳುವುದರಲ್ಲೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಕಳಸದ ಮೇಷ್ಟರ ಮಗ ಹೋಗಿ ಹೋಗಿ ಹಂದಿಯ ಆಹಾರದ ಮೇಲೆ ಡಾಕ್ಟರೇಟ್ ಮಾಡಿದನಲ್ಲ ಎಂದು ನೆಂಟರು ನಕ್ಕಿದ್ದುಂಟು. ನಾನು ತಲೆ ಕೆಡಿಸಿಕೊಂಡವನಲ್ಲ. ಸತ್ತವರು ಬಂದುಹೋಗುತ್ತಾರೆ ಎಂಬಂಥ ಮಾತು ಬಂದರೆ ನಾನೂ ಹಾಗೇ ನಗುತ್ತಿದ್ದೆ. ಮುಂದೆ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ, ಕಂಡಷ್ಟನ್ನು ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಮೂಡಿಗೆರೆಯಲ್ಲಿ ಸಂಶೋಧನೆಯ ಕೆಲಸಕ್ಕಿದ್ದೆ. ನಮ್ಮ ಕಡೆ ಹಲಸಿನ ಹಣ್ಣು ಮರದ ಬುಡದಲ್ಲೇ ಕೊಳೆತು ಹೋಗುತ್ತದೆ. ಅದರ ಬೀಜವನ್ನು ಬೇಯಿಸಿ, ಒಣಗಿಸಿ, ಹಿಟ್ಟು ಮಾಡಿ ಮೆಕ್ಕೆಜೋಳದ ಬದಲು ಹಂದಿಗೆ ಹಾಕಿದರೆ ಹೇಗೆ ಎಂಬುದು ನನ್ನ ಪ್ರಯೋಗ. ಸಂಸೆ ಹತ್ತಿರದ ಸಣ್ಣ ಕಾಫಿ ಬೆಳೆಗಾರರಾದ ಮಂಜಪ್ಪಗೌಡರು ತಮ್ಮ ಹಂದಿಗಳನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ತಿಂಡಿ ಹಾಕುವ ಮರದ ಮರಿಗೆಗೆ ಹಿಟ್ಟು ಸುರಿದು, ತಾಯಿಹಂದಿಯ ಕಿವಿಯ ಹಿಂದೆ ತುರಿಸುತ್ತಾ, "ತಿನ್ನು ಮಾರಾಯ್ತಿ" ಎನ್ನುತ್ತಾ, ಅದು ಮುಗಿಸುವವರೆಗೂ ಅಲ್ಲೇ ನಿಂತಿರುತ್ತಿದ್ದರು. ಪ್ರಯೋಗದ ಮಧ್ಯದಲ್ಲೇ ಗೌಡರು ಎದೆನೋವು ಬಂದು ತೀರಿಕೊಂಡರು.

ಅವರು ಹೋದ ಮೇಲೆ ಅರೆಮನಸ್ಸಿನಿಂದ ತಿನ್ನುತ್ತಿದ್ದ ಆ ಹಂದಿ, ಮರಿ ಹಾಕಿದ ಮೇಲೆ ಪೂರ್ತಿ ಬಿಟ್ಟುಬಿಟ್ಟಿತು. ಗೌಡರ ಹೆಂಡತಿ ಸಾವಿತ್ರಮ್ಮ ಫೋನ್ ಮಾಡಿಸಿದರು. ಹೋಗಿ ನೋಡಿದೆ. ಜ್ವರವಿಲ್ಲ, ಕೆಚ್ಚಲು ಗಟ್ಟಿಯಾಗಿಲ್ಲ. ಪಶುವೈದ್ಯರು ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಹಲಸಿನ ಹಿಟ್ಟು ಬಿಟ್ಟು ತೌಡು ಹಾಕಿಸಿದೆ, ಗಂಜಿ ಇಟ್ಟೆ, ಬೆಲ್ಲದ ನೀರು ಇಟ್ಟೆ. ಮೂಸಿ ಕೂಡ ನೋಡಲಿಲ್ಲ. ಹಾಲಿಲ್ಲದೆ ಮರಿಗಳು ಒಂದೊಂದೇ ಸಾಯತೊಡಗಿದ್ದವು.

"ಅವ್ರಿಲ್ದೆ ಅದು ತಿನ್ನಲ್ಲ ಸಾರ್," ಎಂದರು ಸಾವಿತ್ರಮ್ಮ. "ನಾಳೆ ಎಲ್ಲಾ ಮಾರಿಬಿಡ್ತೀನಿ. ನಂಗೂ ಸಾಕಾಗಿದೆ."

"ಪ್ರಾಣಿಗಳಿಗೆ ಹಾಗೆಲ್ಲ ಗೊತ್ತಾಗಲ್ಲಮ್ಮ," ಎಂದೆ.

ನಡುಮಧ್ಯಾಹ್ನ. ಮಂಜು ಅಂಗಳದವರೆಗೂ ಬಂದಿತ್ತು. ನಾವಿಬ್ಬರೂ ಹಂದಿಗೂಡಿನ ಹತ್ತಿರ ನಿಂತಿದ್ದೆವು. ಮಲಗಿದ್ದ ತಾಯಿಹಂದಿ ತಲೆಯೆತ್ತಿ ತೋಟದ ಗೇಟಿನ ಕಡೆ ನೋಡಿತು. ಪಕ್ಕದ ಗೂಡಿನ ಹಂದಿಗಳೂ ನೋಡಿದವು. ನಾನೂ ತಿರುಗಿದೆ, ಯಾರೂ ಇರಲಿಲ್ಲ. ಆದರೆ ಅಷ್ಟೂ ತಲೆಗಳು ಒಟ್ಟಿಗೆ, ನಿಧಾನವಾಗಿ, ಗೇಟಿನಿಂದ ಮರಿಗೆಯವರೆಗೆ ತಿರುಗುತ್ತಾ ಬಂದವು, ನಡೆದು ಬರುವವರನ್ನು ನೋಡುವ ಹಾಗೆ. ಜಗಲಿಯ ನಾಯಿ ಎದ್ದು ಬಾಲ ಅಲ್ಲಾಡಿಸಿತು.

ತಾಯಿಹಂದಿ ಕಾಲೂರಿ ಎದ್ದು ಮರಿಗೆಗೆ ಬಾಯಿ ಹಾಕಿತು. ತಿನ್ನುತ್ತಾ ತಿನ್ನುತ್ತಾ ಒಂದು ಪಕ್ಕಕ್ಕೆ ವಾಲಿತು. ಆ ಪಕ್ಕ ಗೋಡೆಯಿಲ್ಲ, ಏನೂ ಇಲ್ಲ. ಅದರ ಕಿವಿಯ ಹಿಂದಿನ ಒರಟು ಕೂದಲು ಬೆರಳಾಡಿಸಿದಂತೆ ಒಮ್ಮೆ ಮಲಗುತ್ತಿತ್ತು, ಒಮ್ಮೆ ಏಳುತ್ತಿತ್ತು. ಗಾಳಿ ಇರಲಿಲ್ಲ. ನಾನು ಕೈಗೆಟುಕುವಷ್ಟು ಹತ್ತಿರದಲ್ಲಿದ್ದೆ. ಕೈ ಚಾಚುವ ಧೈರ್ಯವಾಗಲಿಲ್ಲ.

ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದ ಸಾವಿತ್ರಮ್ಮ ಆ ಖಾಲಿ ಜಾಗಕ್ಕೆ ಹೇಳಿದರು: "ಹಂದಿ ನೋಡಕ್ಕೆ ಬಂದ್ರಿ. ನನ್ನ ನೋಡ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಬಿರಬಿರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಉಳಿದ ಮರಿಗಳು ಬದುಕಿದವು. ಅವರು ಹಂದಿಗಳನ್ನು ಮಾರಲಿಲ್ಲ. ತಿನ್ನುವುದನ್ನು ಬಿಟ್ಟ ಹಂದಿ ತಾನಾಗಿಯೇ ಮತ್ತೆ ತಿನ್ನಲು ತೊಡಗುವುದುಂಟು. ಅದಕ್ಕೆ ನಾನೇ ಬೇಕಾದಷ್ಟು ಕಾರಣ ಕೊಡಬಲ್ಲೆ. ಮುಂದೆ ಕಾಲೇಜಿನಲ್ಲಿ ಪಾಠ ಹೇಳುವಾಗ ಎಷ್ಟೋ ವರ್ಷ ಕೊಟ್ಟಿದ್ದೇನೆ. ಆ ಕೂದಲು ಅಲ್ಲಾಡಿದ್ದಕ್ಕೆ ಒಂದು ಕಾರಣವನ್ನೂ ಕೊಡಲಾರೆ.

ಬಹಳ ವರ್ಷಗಳ ಮೇಲೆ ಸಂಸೆ ಕಡೆ ಹೋದವನು ಅವರ ಮನೆಗೂ ಹೋದೆ. ಸಾವಿತ್ರಮ್ಮ ಕಾಫಿ ಕೊಟ್ಟು ಎದುರಿಗೆ ಕೂತು, ತಾವಾಗಿಯೇ ಕೇಳಿದರು: "ಸಾರ್, ಆವತ್ತು ನಿಮಗೆ ಅವ್ರು ಕಂಡ್ರಾ?"

"ಇಲ್ಲಮ್ಮ."

"ನಂಗೂ ಕಾಣ್ಲಿಲ್ಲ," ಎಂದರು. "ನಿಮಗಾದ್ರೂ ಕಂಡಿರ್ತಾರೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."