ಗೂಳಿಗಪ್ಪೆಯ ನೋಟ

ನಮ್ಮ ಅತ್ತೆಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಅಂಚಿನದು ಉಳಿಯುತ್ತದೆ, ಹೋದದ್ದು ಮರಳುವುದಿಲ್ಲ ಎಂದು ಬೀದರಿನ ಡಾಕ್ಟರು ಹೇಳಿದಾಗ ಅವರು ಅಳಲಿಲ್ಲ. ನೌಬಾದಿನ ಮನೆಗೆ ಬರುವ ಆಟೋದಲ್ಲಿ ಮಾತ್ರ ಒಂದೇ ಮಾತು: ಅಂಗೈಯಲ್ಲಿಟ್ಟ ಇಷ್ಟಲಿಂಗ ಕಾಣದಿದ್ದರೆ ಪೂಜೆ ಹೇಗೆ? ದಿಟ್ಟಿಸಿ ನೋಡುವುದೇ ಅವರಿಗೆ ಪೂಜೆ. ಪೂಜೆಯಾಗದೆ ಬಾಯಿಗೆ ತುತ್ತಿಡುವ ರೂಢಿ ಅವರಿಗಿಲ್ಲ. ಮರುದಿನ ಕೊರಳಿನ ಲಿಂಗ ಬಿಚ್ಚಲೂ ಇಲ್ಲ, ಉಣ್ಣಲೂ ಇಲ್ಲ. ಅದರ ಮರುದಿನವೂ ಅಷ್ಟೇ, ಬರೀ ನೀರು.

ನನಗೆ ಸಿಟ್ಟು ಬಂತು. ಹಟ ಮಾಡಲು ಇವರೇನು ಕೂಸೇ? ಕಣ್ಣು ಮುಚ್ಚಿಕೊಂಡೇ ಮಾಡಿ, ಶಿವ ಬೇಡ ಅಂತಾನೇನು ಎಂದು ಜಗಳವಾಡಿದೆ. ಗಂಡ ಕೊಳಾರದ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಅವರೆದುರು ಕೈಮುಗಿದು ಕೂತರು. ಊಂಹೂಂ.

ಆ ಸಂಜೆ ಮಗಳು ಅಜ್ಜಿಯ ಪಕ್ಕ ಕೂತು ಶಾಲೆಯ ಪಾಠ ಓದುತ್ತಿದ್ದಳು. ಗಂಗಾ ಡಾಲ್ಫಿನ್ನಿಗೂ ಗೂಳಿಗಪ್ಪೆಗೂ ಹೋಲಿಕೆ. ಎರಡಕ್ಕೂ ಶ್ವಾಸಕೋಶ ಉಂಟು. ಆದರೆ ಡಾಲ್ಫಿನ್ ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಡಾಲ್ಫಿನ್ನಿನ ಕಣ್ಣಿಗೆ ಬೆಳಕು, ಕತ್ತಲೆ ಅಷ್ಟೇ ತಿಳಿಯುವುದು. ಸದ್ದು ಮಾಡಿ, ಅದರ ಮರುದನಿಯಿಂದ ಮೀನು ಹುಡುಕುತ್ತದೆ. ಅಜ್ಜಿಗೆ ಧೈರ್ಯ ಬರಲೆಂದು ಮಗಳು ಡಾಲ್ಫಿನ್ನನ್ನೇ ಹೊಗಳಿದಳು.

"ಅದು ಹೊಟ್ಟಿಗ ಹುಡುಕ್ತದವ್ವ. ನನಗ ಶಿವನ ಮಾರಿ ನೋಡಬೇಕಾಗ್ಯಾದ," ಎಂದರು ಅತ್ತೆ.

ಆಮೇಲೆ ಕಪ್ಪೆಯ ಸರದಿ. ಅಷ್ಟು ದೊಡ್ಡ ಕಣ್ಣಿದ್ದೂ ಸುಮ್ಮನೆ ಕೂತ ಹುಳ ಅದಕ್ಕೆ ಕಾಣುವುದಿಲ್ಲ, ಅಲುಗಿದರಷ್ಟೇ ಗಬಕ್ಕನೆ ಹಿಡಿಯುತ್ತದೆ. ಅತ್ತೆ ಅದನ್ನು ಇನ್ನೊಮ್ಮೆ ಓದಿಸಿದರು. ಚಿಂತಾಕಿಯ ತವರಿನ ಹೊಲದಲ್ಲಿ ಮೊದಲ ಮಳೆಗೆ ವಟಗುಟ್ಟುತ್ತಿದ್ದ ಹಳದಿ ಕಪ್ಪೆಗಳನ್ನು ನೆನೆದು, ಪಾಪ, ಅವಕ್ಕೂ ನನ್ನ ಹಾಗೇ ಏನು ಎಂದು ಮರುಗಿದರು. ಉಪವಾಸ ಕೂತವರು ಕಪ್ಪೆಗಾಗಿ ಮರುಗುವುದನ್ನು ನೋಡಿ ನನ್ನ ಸಿಟ್ಟು ಇಳಿಯಿತು.

ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರು. ಮುಖ ಕಿಟಕಿಯ ಕಡೆ. ಅಂಗೈ ಮಾತ್ರ ತೊಟ್ಟಿಲಿನಂತೆ ಮೆಲ್ಲಗೆ ಅತ್ತಿತ್ತ ತೂಗುತ್ತಿತ್ತು. ಉಪವಾಸದ ಕೈ, ತ್ರಾಣವಿರಲಿಲ್ಲ. ಲಿಂಗ ಜಾರಿ ನೆಲಕ್ಕೆ ಬಿದ್ದರೆ ಈ ಜೀವ ಉಳಿಯುವುದಿಲ್ಲ ಎಂದು ಹೆದರಿ ನಾನು ಓಡಿಹೋಗಿ ಅವರ ಕೈಯ ಕೆಳಗೆ ನನ್ನ ಕೈ ಕೊಟ್ಟೆ, ಗಟ್ಟಿಯಾಗಿ ಹಿಡಿದು ನಿಲ್ಲಿಸಿದೆ.

"ನಿಲ್ಲಿಸಬ್ಯಾಡ, ತೂಗು."

ತೂಗಿದೆ. ಮುಖ ತಿರುಗಿಸದೆ, ಅಲುಗುವ ಲಿಂಗವನ್ನು ಕಣ್ಣಂಚಿನಿಂದಲೇ ನೋಡುತ್ತ ಕೂತರು.

"ಕಂಡ," ಎಂದರು. "ಹೋಗು, ರೊಟ್ಟಿ ಬಡಿ."