ಡ್ರೈವರ್ ಓಡಿದ ಹತ್ತು ಹೆಜ್ಜೆ

ದೊಡ್ಡ ಆಘಾತಗಳಿಂದ ಪಾರಾಗಿ ಬಂದವರ ಮನಸ್ಸನ್ನು ಅರಿಯುವುದು ನನ್ನ ಕಸುಬು. ಸೊರಬದಲ್ಲಿ ಬಾಡಿಗೆ ಕೋಣೆ ಹಿಡಿದಾಗ, ನನಗೆ ಕಲಿಸಿದ್ದ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ. ಬಂದವರು ಮಂಚದ ಮೇಲೆ ಮಲಗಬೇಕು, ನಾನು ಅವರ ತಲೆಯ ಹಿಂದೆ ಬಾಯಿ ಮುಚ್ಚಿಕೊಂಡು ಕೂರಬೇಕು. ಮುಖ ಕಾಣದಿದ್ದರೆ ಮಾತು ಸಲೀಸು ಎಂಬ ನಂಬಿಕೆ. ಬಾಯಿ ಮುಚ್ಚಿಕೊಳ್ಳುವುದು ನನಗೆಷ್ಟು ಕಷ್ಟವೆಂದು ನಮ್ಮ ಮನೆಯವರಿಗೆ ಗೊತ್ತು.

ಒಬ್ಬ ಬಸ್ ಡ್ರೈವರ್ ಈ ನಂಬಿಕೆಯನ್ನು ತಲೆಕೆಳಗು ಮಾಡಿದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆನವಟ್ಟಿ ಮೇಲೆ ಶಿಕಾರಿಪುರಕ್ಕೆ ಹೋಗುವ ಅವರ ಬಸ್ಸು ಕುಪ್ಪಗಡ್ಡೆಯ ಹತ್ತಿರ ಗದ್ದೆಗೆ ಮಗುಚಿತ್ತು. ಯಾರೂ ಸಾಯಲಿಲ್ಲ. ಒಳಗಿದ್ದವರನ್ನೆಲ್ಲ ಎಳೆದು ಹೊರತಂದಿದ್ದಕ್ಕೆ ಊರವರು ಶಾಲು ಹೊದಿಸಿದರು. ಆದರೆ ಆಮೇಲೆ ಅವರು ಸ್ಟೇರಿಂಗ್ ಮುಟ್ಟಲಿಲ್ಲ. ಇನ್ನು ಹದಿನೈದು ದಿನ ನೋಡಿ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮಾಲೀಕರು ಹೇಳಿಯಾಗಿತ್ತು. ಬಸ್ಸು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಪ್ರಪಂಚವೇ ಇರಲಿಲ್ಲ.

ಮೂರು ಸಲ ಬಂದು, ಮಲಗಿ, ಒಂದು ಮಾತೂ ಆಡದೆ ಎದ್ದು ಹೋದರು. ನಾಲ್ಕನೆಯ ಸಲ ನನ್ನ ತಾಳ್ಮೆ ಕೆಟ್ಟಿತು.

"ಏನ್ರೀ, ನನ್ ಮೇಲೆ ಸಿಟ್ಟಾ?"

"ಅಯ್ಯೋ, ಅಲ್ರೀ ಡಾಕ್ಟ್ರೇ! ಹಿಂದೆ ಕೂತೋರ ಜೊತೆ ಮಾತಾಡಿ ರೂಢಿ ಇಲ್ಲ. ಇಪ್ಪತ್ತು ವರ್ಷ ಹಿಂದ್ಗಡೆ ಎಷ್ಟು ಗಲಾಟೆ ಆದ್ರೂ ನಾ ತಿರುಗಿ ನೋಡ್ದೋನಲ್ಲ. ಮಾತೇನಿದ್ರೂ ಇಂಜಿನ್ ಪಕ್ಕ ಕೂತೋರ ಹತ್ರ ಅಷ್ಟೆ."

ನನಗೆ ನಗು ತಡೆಯಲಾಗಲಿಲ್ಲ. ಕುರ್ಚಿಯನ್ನು ದರದರ ಎಳೆದು ಅವರ ಎಡಗಡೆಗೆ ಹಾಕಿದೆ. ಅವರು ಎದ್ದು ಕೂತು, ಎದುರಿನ ಗೋಡೆಯನ್ನೇ ನೋಡುತ್ತಾ ಶುರುಮಾಡಿದರು. ಯಾವ ಹೋಟೆಲಿನ ಮಂಡಕ್ಕಿ ಚೆನ್ನ, ಯಾವ ಕಂಡಕ್ಟರ್ ಸೋಮಾರಿ, ಎಲ್ಲ ಬಂತು. ಕೊನೆಗೆ ದನಿ ಇಳಿಯಿತು.

"ಬಸ್ ಬಿದ್ ಕೂಡ್ಲೆ ನಾನೇ ಮೊದ್ಲು ಕಿಟಕೀಲಿ ಹಾರಿ ಓಡಿದ್ದು. ಹತ್ತು ಹೆಜ್ಜೆ. ಆಮೇಲೆ ವಾಪಸ್ ಬಂದೆ. ಅದ್ ಯಾರಿಗೂ ಗೊತ್ತಿಲ್ಲ."

ಆ ಶಾಲು ಅವರನ್ನು ಸುಡುತ್ತಿತ್ತು.

ಮತ್ತೆ ನಾಲ್ಕಾರು ಸಲ ಮಾತಾಡಿದೆವು. ಗಡುವಿನ ಹಿಂದಿನ ದಿನ ಅವರು ಡ್ರೈವರ್ ಸೀಟು ಹತ್ತಿದರು. ನಾನೂ ಜೀವ ಕೈಯಲ್ಲಿ ಹಿಡಿದು ಹತ್ತಿದೆ. ಕುಪ್ಪಗಡ್ಡೆಯಲ್ಲಿ ಒಬ್ಬ ಅಜ್ಜಿ ಚೀಲ ಹಿಡಿದು ಏರಿದರು. ಬಸ್ಸು ಮಗುಚಿದ ದಿನ ಅದರಲ್ಲಿದ್ದವರೇ. ಡ್ರೈವರ್ ಬಸ್ಸನ್ನು ಮುಂದಕ್ಕೆ ಬಿಡಲಿಲ್ಲ.

"ಅಜ್ಜಿ, ಅವತ್ತು ನಿಮ್ಮನ್ನೆಲ್ಲ ಬಿಟ್ಟು ನಾನು ಓಡಿದ್ದೆ," ಎಂದರು, ಇಡೀ ಬಸ್ಸಿಗೆ ಕೇಳುವಂತೆ.

"ನೋಡಿದೀನಪ್ಪ," ಎಂದರು ಅಜ್ಜಿ, ಚೀಲ ಕೆಳಗಿಡುತ್ತಾ. "ತಿರುಗಿ ಬಂದಿದ್ದೂ ನೋಡಿದೀನಿ. ಬಸ್ ಬಿಡು, ಸಂತೆಗೆ ಹೊತ್ತಾಯ್ತು."