ರಬ್ಬರಕ್ಕನ ಗಂಡನ ನಗು ಮಾರಿದವರು

ನಮ್ಮ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ರಬ್ಬರಕ್ಕ ಅಂದರೆ ಮುಗಿಯಿತು. ಬೈಗುಳ ಅಲ್ಲ, ಅವಳ ಕೆಲಸವೇ ಒರೆಸೋದು. ನಾವು ಫೋಟೋ ಮಾರುವವರು. ಸೋಪಿನವರು, ಸಾಲ ಕೊಡುವವರು, ಪತ್ರಿಕೆಯವರು, ಯಾರಿಗೆ ಖುಷಿಯಾಗಿರೋ ಸಂಸಾರದ್ದೋ ತಲೆ ಮೇಲೆ ಕೈ ಹೊತ್ತ ಗಂಡಸಿನದ್ದೋ ಪಟ ಬೇಕೋ ಅವರು ನಮ್ಮಲ್ಲಿ ಹುಡುಕಿ, ದುಡ್ಡು ಕಟ್ಟಿ ತಗೊಳ್ಳುತ್ತಾರೆ. ಹಾಗೆ ಮಾರುವ ಪಟದಲ್ಲಿ ಬೇರೆ ಯಾವ ಕಂಪನಿಯ ಹೆಸರೂ ಗುರುತೂ ಕಾಣಬಾರದು. ಬೂಟಿನ ಮೇಲಿನ ಗೆರೆ, ಹಾಲಿನ ಪ್ಯಾಕೆಟ್ಟಿನ ಅಕ್ಷರ, ಅಂಗಡಿ ಬೋರ್ಡು, ಎಲ್ಲ ಒರೆಸಬೇಕು. ಒರೆಸಿದ ಜಾಗ ಒರೆಸಿದ ಹಾಗೂ ಕಾಣಬಾರದು. ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು, ತುಟಿ ಕಚ್ಚಿಕೊಂಡು, ಅದನ್ನು ಅವಳು ಮಾಡುತ್ತಿದ್ದಳು. ಪಕ್ಕದ ಮೇಜಿನಲ್ಲಿ ನಾನು, ಪಟ ಹುಡುಕಲು ಬೇಕಾದ ಪದ ಬರೆಯುವವಳು.

ಈ ಚಾಳಿ ಅವಳಿಗೆ ಮನೆಯಲ್ಲೂ ಅಂಟಿಕೊಂಡಿತ್ತು. ಗಂಡನ ಅಂಗಿಗಳ ಕಾಲರಿನ ಲೇಬಲ್ಲೆಲ್ಲ ಕತ್ತರಿಸಿ ಎಸೆಯುವಳು. ಡಬ್ಬಿಗಳನ್ನು ಹೆಸರು ಗೋಡೆ ಕಡೆಗೆ ತಿರುಗಿಸಿ ಇಡುವಳು. ಸಕ್ಕರೆ ಯಾವುದು, ಸೋಪಿನ ಪುಡಿ ಯಾವುದು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೇ ಒಮ್ಮೆ ಕಾಫಿಗೆ ಉಪ್ಪು ಸುರಿದುಕೊಂಡಿದ್ದೇನೆ.

“ನಾನು ಮಲಗಿದಾಗ ಒಂದು ಕಣ್ಣು ತೆರೆದೇ ಇಟ್ಟಿರ್ತೀನಿ, ಇವಳು ನನ್ನ ಮೂಗು ಒರೆಸಿಬಿಟ್ಟಾಳು” ಅನ್ನುತ್ತಿದ್ದ ಭಾವ. ಅವಳ ಗಂಡನನ್ನು ನಾನು ಭಾವ ಅಂತಲೇ ಕರೆಯುತ್ತಿದ್ದದ್ದು. ಸೈಕಲ್ ರಿಪೇರಿಯವನು. ಎಂಥದೋ ಪಂಪಿನ ಹಿಡಿ ಬಡಿದು ಮುಂದಿನ ಹಲ್ಲು ಅರ್ಧ ಹೋಗಿತ್ತು. ನಕ್ಕರೆ ಕಣ್ಣು ಎರಡೂ ಮುಚ್ಚಿಹೋಗುತ್ತಿದ್ದವು. ನಗುವುದಕ್ಕೆ ಆ ಮನುಷ್ಯನಿಗೆ ಕಾರಣವೇ ಬೇಕಿರಲಿಲ್ಲ.

ಇನ್ನು ನಮ್ಮ ಯಜಮಾನನ ಕಥೆ. ಅವನ ಅಪ್ಪನ ಕಾಲದಿಂದ ನಮ್ಮದು ‘ಚಿತ್ರ ಭಂಡಾರ’. ಬೂದು ಬಣ್ಣದ ಬೋರ್ಡು, ಬೂದು ಬಣ್ಣದ ಬಾಗಿಲು, ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ರಸ್ತೆಯ ಎದುರುಗಡೆ ಇನ್ನೊಂದು ಫೋಟೋ ಏಜೆನ್ಸಿ ಬಂತು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. ತಿಂಗಳಿಗೆ ಇಷ್ಟು ಕಟ್ಟಿ, ಬೇಕಾದಷ್ಟು ಪಟ ಬಾಚಿಕೊಳ್ಳಿ ಅಂತ ಅವರ ಬೋರ್ಡು. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಯಜಮಾನ ಕಿಟಕಿಯಲ್ಲಿ ನಿಂತು, ದಾಟಿದವರ ಬೆನ್ನನ್ನೇ ನೋಡುತ್ತ ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಆಮೇಲೆ ಒಬ್ಬ ಮಹಾಶಯನನ್ನು ಕರೆತಂದ. ಕಂಪನಿಗಳಿಗೆ ಹೆಸರು, ಬಣ್ಣ, ವೇಷ ಹಾಕಿಕೊಡುವವನಂತೆ. ನಾವು ಅವನಿಗೆ ಬಣ್ಣದ ಮೇಷ್ಟ್ರು ಅಂತ ಹೆಸರಿಟ್ಟೆವು. ಎರಡು ವಾರ ನಮ್ಮ ನಡುವೆ ಸುಮ್ಮನೆ ಓಡಾಡಿ, ನಮ್ಮ ಕಾಫಿ ಕುಡಿದು, ಕೊನೆಗೆ ಒಂದು ದಿನ ಎಲ್ಲರನ್ನೂ ಕೂರಿಸಿ ಹೇಳಿದ್ದೇನು ಗೊತ್ತಾ? ಎದುರುಗಡೆಯವರು ಅಗ್ಗ, ಆದರೆ ಅವರ ಪಟದಲ್ಲಿರೋರೆಲ್ಲ ಬಾಡಿಗೆ ಮುಖಗಳು. ನಾವು ನಿಜವಾದ ಜನರನ್ನು ಮಾರೋಣ. ಇನ್ನು ಮೇಲೆ ನಮ್ಮ ಹೆಸರು ‘ನಿಜ’. ಒಬ್ಬೊಬ್ಬರೂ ಮನೆಯಿಂದ ಒಂದು ಪಟ ತರಬೇಕು. ಗಿರಾಕಿಗೆ ಬೆವರಿನ ವಾಸನೆ ಬರಬೇಕು ಅಂದ. ಅವನ ಮೈಯಿಂದ ಮಾತ್ರ ಬರೀ ಸೆಂಟಿನ ವಾಸನೆ ಬರುತ್ತಿತ್ತು.

ನಾನು ತರಲಿಲ್ಲ. ನಮ್ಮ ಮನೆಯವರ ಮುಖ ನೋಡಿದರೆ ಇರೋ ಗಿರಾಕಿಯೂ ಓಡಿಹೋಗ್ತಾನೆ ಅಂತ ಹೇಳಿ ತಪ್ಪಿಸಿಕೊಂಡೆ. ರಬ್ಬರಕ್ಕ ಪಾಪದವಳು, ತಂದಳು. ಭಾವ ಅಂಗಡಿ ಬಾಗಿಲಲ್ಲಿ ಸ್ಪಾನರ್ ಹಿಡಿದು, ಕೆನ್ನೆಗೆ ಗ್ರೀಸು ಬಳಿದುಕೊಂಡು, ಕಣ್ಣು ಮುಚ್ಚಿ ನಗುತ್ತಿರುವ ಪಟ. ಅವಳೇ ಯಾವಾಗಲೋ ತೆಗೆದದ್ದು. ಮೇಷ್ಟ್ರು ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ಇದೇ ನಮ್ಮ ಮುಖ ಅಂದ. ಭಾವ ಬಂದು, ಓದದೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ನನ್ನ ಮೂತಿಗೂ ಒಂದು ಬೆಲೆ ಬಂತಲ್ಲಪ್ಪಾ ಅಂತ ಅದಕ್ಕೂ ನಕ್ಕ. ಹಿಂದಿದ್ದ ಅಂಗಡಿ ಬೋರ್ಡನ್ನು ರಬ್ಬರಕ್ಕನೇ ಒರೆಸಿದಳು. ನಿಜ ಅಂತ ಹೆಸರು, ನಿಜವಾದ ಅಂಗಡಿಯ ಹೆಸರು ಮಾತ್ರ ಇರಬಾರದು. ಇವರ ನಿಜಕ್ಕೆ ಇಷ್ಟು ಬೆಂಕಿ ಹಾಕ.

ಆಮೇಲೆ ಎಲ್ಲಿ ನೋಡಿದರೂ ಭಾವ. ಎದುರುಗಡೆಯವರ ಕಿಟಕಿಗೆ ಸರಿಯಾಗಿ ಕಾಣೋ ಹಾಗೆ ನಮ್ಮ ಮಾಳಿಗೆ ಮೇಲೆ ದೊಡ್ಡ ಬೋರ್ಡಿನಲ್ಲಿ ಭಾವ. ಲಿಫ್ಟಿನ ಬಾಗಿಲ ಮೇಲೆ ಭಾವ, ಬಾಗಿಲು ತೆರೆದರೆ ಮುಖ ಎರಡು ಹೋಳು. ಎದುರುಗಡೆಯವರು ತಾವೂ ‘ಅಪ್ಪಟ’ ಅಂತ ಒಂದು ವಿಭಾಗ ತೆಗೆದು ಹಳ್ಳಿ ಮುದುಕರ ಪಟ ಮಾರತೊಡಗಿದಾಗ, ನಮ್ಮ ಯಜಮಾನನಿಗೆ ತಲೆ ಕೆಟ್ಟುಹೋಯಿತು. ಹೊಸದಾಗಿ ಸೇರಿದ ಗಿರಾಕಿಗಳಿಗೆಲ್ಲ ಭಾವನ ಪಟ ಪುಕ್ಕಟೆ ಅಂತ ಸಾರಿಬಿಟ್ಟ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಹಲ್ಲಿನ ಪೇಸ್ಟಿನ ಮೇಲೆ, ಬಸ್ಸಿನ ಹಿಂದೆ, ಸಾಲದ ಜಾಹೀರಾತಿನಲ್ಲಿ, ನೋವಿನ ಎಣ್ಣೆಯ ಡಬ್ಬಿಯ ಮೇಲೆ. ಪೇಸ್ಟಿನವರು ಮುರಿದ ಹಲ್ಲನ್ನು ಪೂರ್ತಿ ಮಾಡಿಕೊಂಡಿದ್ದರು. ಅದನ್ನು ನೋಡಿ ಭಾವ ತನ್ನ ಬಾಯಿಗೆ ಬೆರಳಿಟ್ಟು ಪರೀಕ್ಷೆ ಮಾಡಿಕೊಂಡನಂತೆ. ಎರಡು ತಿಂಗಳು ಅವರ ಮನೆಯಲ್ಲಿ ಇದೇ ತಮಾಷೆ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಚಕ್ರ ಕೂರಿಸುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಆಫೀಸಿನಿಂದ ಹೂವು ಕಳಿಸಿದರು. ಹೂವಿನ ಜೊತೆ ಒಂದು ಕಾರ್ಡು, ‘ನಿಮ್ಮ ದುಃಖದಲ್ಲಿ ನಾವಿದ್ದೇವೆ’ ಅಂತ. ಕಂಪನಿಯ ಕಾರ್ಡು ಅಂದರೆ ಯಾವುದು? ಹೊಸ ಬ್ರ್ಯಾಂಡಿನದ್ದು. ಮೇಲೆ ಯಾರ ಮುಖ? ಹೆಣದ ಪಕ್ಕದಲ್ಲಿ ಕೂತ ಹೆಂಡತಿಯ ಕೈಗೆ, ಸತ್ತವನೇ ಹಲ್ಲು ಬಿಟ್ಟು ನಗುತ್ತಿರುವ ಸಂತಾಪದ ಕಾರ್ಡು ಕೊಟ್ಟ ಮಹಾನುಭಾವರು ಇವರು. ಬೇರೆ ಯಾವ ಕಸುಬಿನವರಿಗಾದರೂ ಈ ಬುದ್ಧಿ ಬಂದೀತಾ? ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಡನ್ನು ಕಿತ್ತುಕೊಂಡು ಹರಿಯಲು ಹೋದೆ. ಹರಿಯುವುದಾದರೂ ಹೇಗೆ, ಅವನ ಮುಖವನ್ನು? ಬೋರಲು ಹಾಕಿ ಇಟ್ಟೆ. ರಬ್ಬರಕ್ಕ ನೋಡಿದಳು. ಅಳಲೂ ಇಲ್ಲ.

ಕೆಲಸಕ್ಕೆ ವಾಪಸು ಬಂದ ಮೇಲೂ ಅಳಲಿಲ್ಲ. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬಸ್ಸು ಬಿಟ್ಟು ನಡೆಯುತ್ತಿದ್ದಳು. ಸೊರಗಿ ಕಡ್ಡಿಯಾದಳು. ಒಂದು ದಿನ ಊಟದ ಡಬ್ಬಿ ತೆರೆದು, ಮುಚ್ಚಿ, ನನಗೆ ಹೇಳಿದಳು. “ಅಳೋಣ ಅಂತ ಕೂತ್ರೆ ಕಿಟಕಿ ಆಚೆ ಬಸ್ಸಿನ ಮೇಲೆ ನಗ್ತಾ ಹೋಗ್ತಾರೆ. ಅಂಗಡಿಗೆ ಹೋದ್ರೆ ಡಬ್ಬಿ ಮೇಲೆ ನಗ್ತಾ ಇರ್ತಾರೆ. ಅವ್ರು ಹೋದ್ರು ಅಂತ ನನ್ನ ಮನಸ್ಸು ಒಪ್ತಾನೇ ಇಲ್ಲ ಕಣೇ. ಆ ಪಟ ಮಾರೋದು ನಿಂತ್ರೆ ಸಾಕು ನಂಗೆ. ಇನ್ನೇನೂ ಬೇಡ.”

ಅಷ್ಟೇ ಅವಳು ಕೇಳಿದ್ದು. ಯಜಮಾನನ ಕೋಣೆಗೆ ಇಬ್ಬರೂ ಹೋದೆವು. ಅವನು ಬಹಳ ಮೆತ್ತಗೆ ಮಾತಾಡಿದ, ಅದೇ ಇನ್ನೂ ಉರಿಸಿದ್ದು. ಎದುರುಗಡೆಯವರ ಜೊತೆ ಕುತ್ತಿಗೆಗೆ ಬರೋ ಪೈಪೋಟಿ ನಡೀತಿದೆ, ಈ ಹೊತ್ತಿನಲ್ಲಿ ಮುಖ ಬದಲಾಯಿಸಿದರೆ ಬ್ರ್ಯಾಂಡು ಮಣ್ಣಾಗುತ್ತೆ ಅಂದ. ಒಂಥರಾ ನೋಡಿದರೆ ನಿಮ್ಮವರು ಇನ್ನೂ ಬದುಕಿದ್ದಾರೆ ಅಂದ್ಕೊಳ್ಳಿ ಅಂದ. ನಿಯಮ ತೋರಿಸಿ ಅಂದೆ. ತೋರಿಸಿದ. ಪಟವನ್ನು ಹಿಂದಕ್ಕೆ ಪಡೆಯಬೇಕಾದರೆ ಪಟದಲ್ಲಿರುವ ವ್ಯಕ್ತಿಯೇ ಬಂದು ಕೇಳಬೇಕಂತೆ.

“ಅವ್ರನ್ನ ಎಲ್ಲಿಂದ ಕರ್ಕೊಂಡ್ ಬರ್ಲಿ ಸಾರ್?” ಅಂತ ಕೇಳಿದಳು ರಬ್ಬರಕ್ಕ.

ಅವನು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಇಟ್ಟ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಅಪ್ಪನ ಪಟವನ್ನು ನೋವಿನ ಎಣ್ಣೆ ಡಬ್ಬಿ ಮೇಲೆ ಹಾಕಿ ನೋಡೋಣ, ಆಗ ಗೊತ್ತಾಗುತ್ತೆ ಬ್ರ್ಯಾಂಡು ಯಾವುದು, ಹೆಣ ಯಾವುದು ಅಂತ. ನನ್ನನ್ನು ಕೆಲಸದಿಂದ ತೆಗೆಯುತ್ತಾನೆ ಅಂದುಕೊಂಡಿದ್ದೆ. ಎಮ್ಮೆ ಚರ್ಮ, ಆ ಧೈರ್ಯವೂ ಇರಲಿಲ್ಲ. ನನ್ನಷ್ಟು ಬೇಗ ಪದ ಬರೆಯುವವರು ಅವನಿಗೆ ಬೇರೆ ಯಾರೂ ಸಿಗುತ್ತಿರಲಿಲ್ಲ.

ಇದಾಗಿ ಚಳಿಗಾಲ ಕಳೆಯುವುದರೊಳಗೆ ಬಣ್ಣದ ಮೇಷ್ಟ್ರು ಮತ್ತೆ ಬಂದ. ‘ನಿಜ’ ಹಳಸಿತಂತೆ. ಎದುರುಗಡೆಯವರು ದರ ಇನ್ನೂ ಇಳಿಸಿದ್ದಾರೆ, ನಾವೂ ಇಳಿಸೋಣ, ತಿಳಿನೀಲಿಗೆ ಹೋಗೋಣ, ಹೆಸರು ‘ಹಗುರ’ ಅಂತ ಇಡೋಣ, ಮುಖವೇ ಬೇಡ, ಬರೀ ಆಕಾಶ ಸಾಕು ಅಂದ. ಸರಿ, ಒಂದೇ ಬೆಳಿಗ್ಗೆಗೆ ಮಾಳಿಗೆ ಮೇಲಿನ ಭಾವ ಇಳಿದ. ಲಿಫ್ಟಿನ ಬಾಗಿಲಿಗೆ ಮೋಡ ಬಂತು. ಕುತ್ತಿಗೆಗೆ ಬಂದ ಪೈಪೋಟಿ, ಮುಖ ಬದಲಾದರೆ ಮಣ್ಣಾಗುವ ಬ್ರ್ಯಾಂಡು, ಎಲ್ಲ ಎಲ್ಲಿ ಹೋಯಿತೋ! ಒಂದು ಹೆಂಗಸು ಕೈಮುಗಿದು ಕೇಳಿದಾಗ ಆಗದ್ದು, ಒಬ್ಬ ಬಣ್ಣ ಬಳಿಯುವವನು ಆಕಳಿಸುತ್ತ ಹೇಳಿದಾಗ ಆಯಿತು.

ರಬ್ಬರಕ್ಕ ಮತ್ತೆ ಕೋಣೆಗೆ ಹೋದಳು. ಈಗಲಾದರೂ ಪಟ ತೆಗೆದುಬಿಡಿ ಅಂದಳಂತೆ. ಬಾಗಿಲು ತೆರೆದೇ ಇತ್ತು, ಅವನು ಹೇಳಿದ್ದು ನನ್ನ ಮೇಜಿಗೂ ಕೇಳಿಸಿತು. “ಈಗ ಅದು ಅಗ್ಗದ ರಾಶೀಲಿ ಬಿದ್ದಿದೆಯಲ್ಲಮ್ಮ. ಯಾರೋ ಒಂದು ಕಾಫಿ ದುಡ್ಡು ಕೊಟ್ಟು ತಗೊಂಡ್ರೆ ತಗೊಳ್ಳಲಿ ಬಿಡಿ, ನಿಮಗೇನು ನಷ್ಟ?”

ಅವಳು ಬಂದು ಕೂತಳು. ಕಾಲು ಮಡಚಲಿಲ್ಲ. ಪರದೆಯ ಮೇಲೆ ಯಾರದೋ ಟೋಪಿಯ ಗುರುತು ಅರ್ಧ ಒರೆಸಿ ಬಿಟ್ಟಿದ್ದಳು, ಅದನ್ನೇ ನೋಡುತ್ತಿದ್ದಳು. ಎಲ್ಲರೂ ಊಟಕ್ಕೆ ಎದ್ದು ಹೋಗಲಿ ಅಂತ ಕಾದೆ. ಆಮೇಲೆ ಅವಳ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

ಪಟವನ್ನು ಅಳಿಸುವ ಅಧಿಕಾರ ನನಗಿಲ್ಲ, ಅದರ ಬೀಗ ಯಜಮಾನನ ಕೈಯಲ್ಲಿ. ಆದರೆ ಪದ ನನ್ನವು. ಪ್ರತಿ ಪಟದ ಅಡಿಯಲ್ಲಿ ಏನು ಕಾಣುತ್ತೆ, ಎಂಥ ಭಾವನೆ ಅಂತ ನಾನು ಪದ ಬರೆಯುತ್ತೇನೆ, ಹುಡುಕುವವರು ಆ ಪದ ಹಿಡಿದೇ ಪಟಕ್ಕೆ ಬರಬೇಕು. ಪದ ಇಲ್ಲದ ಪಟ ಎಷ್ಟೋ ಲಕ್ಷ ಪಟಗಳ ನಡುವೆ ಎಲ್ಲಿದೆ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಅಂಥದ್ದಕ್ಕೆ ನಮ್ಮ ಕೆಲಸದಲ್ಲಿ ಹೂತುಹೋದ ಪಟ ಅಂತಲೇ ಅನ್ನುವುದು. ಮೊದಲೇ ತಗೊಂಡವರ ಹತ್ತಿರ ಇರುವುದು ಇದ್ದೇ ಇರುತ್ತೆ, ಅದನ್ನು ನಾನು ತಡೆಯಲಾರೆ. ಇನ್ನು ಮೇಲೆ ಯಾರ ಕೈಗೂ ಸಿಗುವುದಿಲ್ಲ, ಅಷ್ಟು ಮಾಡಬಲ್ಲೆ. ಹಾಗಂತ ಅವಳಿಗೆ ಹೇಳಿದೆ.

“ಮಾಡು” ಅಂದಳು.

ಪಟ ತೆರೆದೆ. ಒಂದೊಂದೇ ಪದ ಓದಿ ತೆಗೆದೆ. ಗಂಡಸು. ಸೈಕಲ್. ಅಂಗಡಿ. ಕೆಲಸ. ಗ್ರೀಸು. ಕೈ. ಬೆವರು. ಅವಳು ಪ್ರತಿಯೊಂದಕ್ಕೂ ತಲೆ ಆಡಿಸುತ್ತಿದ್ದಳು, ಹೌದು, ಇದ್ದದ್ದು ಹೌದು ಅನ್ನುವ ಹಾಗೆ. ನಡುವಯಸ್ಸು. ಸ್ನೇಹ. ಬೆಳಿಗ್ಗೆ. ಮುರಿದ ಹಲ್ಲು ಅಂತ ಓದಿದಾಗ ಅವಳ ಕೈ ತನ್ನ ಬಾಯಿಗೆ ಹೋಯಿತು. ಸಂತೋಷ ತೆಗೆದೆ. ನಗು ತೆಗೆದೆ. ಕೊನೆಗೆ ಒಂದು ಉಳಿಯಿತು, ‘ಜೀವಂತಿಕೆ’. ಆ ಪದ ಬರೆದ ದಿನ ಭಾವ ನನ್ನ ಕುರ್ಚಿಯ ಹಿಂದೆಯೇ ನಿಂತು, ಇದೊಂದು ಚೆನ್ನಾಗಿದೆ ಅಂದಿದ್ದ.

“ಅದನ್ನ ನಾನೇ ತೆಗೀತೀನಿ” ಅಂದಳು ರಬ್ಬರಕ್ಕ.

ತೆಗೆದಳು. ಪಟದ ಕೆಳಗೆ ಖಾಲಿ ಬಿಳಿ ಜಾಗ. ನಾನು ಪಟವನ್ನು ಮುಚ್ಚಿದೆ. ಮತ್ತೆ ಹುಡುಕಿ ತೋರಿಸಿದೆ, ಸೈಕಲ್ ಅಂತ, ನಗು ಅಂತ, ಅಂಗಡಿ ಅಂತ. ಯಾರ್‍ಯಾರೋ ಬಂದರು, ಭಾವ ಬರಲಿಲ್ಲ. ಎರಡು ಸಲ ಅವಳೇ ಹುಡುಕಿ ನೋಡಿದಳು.

“ಹೋದ್ರು ಕಣೇ” ಅಂದಳು. ಆಮೇಲೆ ನನ್ನ ಮೇಜಿನ ಮೇಲೆ ತಲೆ ಇಟ್ಟು ಗಂಟಲು ಹರಿಯುವ ಹಾಗೆ ಅತ್ತಳು. ಊಟ ಮುಗಿಸಿ ಬಂದವರೆಲ್ಲ ಬಾಗಿಲಲ್ಲೇ ನಿಂತರು. ಯಜಮಾನ ಕೋಣೆಯಿಂದ ತಲೆ ಹೊರಗೆ ಹಾಕಿ ಏನಾಯ್ತು ಅಂತ ಕೇಳಿದ. ಸಾವಾಗಿದೆ, ಬಾಗಿಲು ಹಾಕ್ಕೊಳ್ಳಿ ಅಂದೆ. ಹಾಕಿಕೊಂಡ.